ಅಲ್ಯೂಮಿನಿಯಂ ದೋಣಿಗೆ ಕಿಲುಬು ಹಿಡಿದರೆ: ಗುಳಿ ತುಂಬುವುದರಿಂದ ತೇಪೆ ಹಾಕುವವರೆಗೆ

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಕಬ್ಬಿಣದ ಹಾಗೆ ಕೆಂಪಗೆ ಹುಡಿಯಾಗಿ ಉದುರುವುದಿಲ್ಲ, ಅಷ್ಟೇ. ಗಾಳಿ ತಾಗಿದ ಕ್ಷಣದಲ್ಲೇ ಅದರ ಮೈಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದೇ ಅದರ ಕವಚ. ಕವಚ ಗೀಚಿಹೋದರೂ ಆಮ್ಲಜನಕ ಸಿಕ್ಕರೆ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಉಪ್ಪುನೀರಿನ ಕ್ಲೋರೈಡ್ ಈ ಕವಚವನ್ನು ಅಲ್ಲಲ್ಲಿ ಚುಚ್ಚುತ್ತದೆ. ಚುಚ್ಚಿದ ಜಾಗದಲ್ಲಿ ಸಣ್ಣ ಗುಳಿ, ಗುಳಿಯ ಬಾಯಿಗೆ ಬಿಳಿ ಪುಡಿಯ ಮುಚ್ಚಳ, ಮುಚ್ಚಳದ ಕೆಳಗೆ ಆಮ್ಲೀಯವಾದ ಉಪ್ಪುನೀರು. ಮೇಲಿನಿಂದ ನೋಡಿದರೆ ಸಾಸಿವೆ ಗಾತ್ರದ ಚುಕ್ಕೆ, ಒಳಗೆ ತಗಡು ಅರ್ಧ ತಿಂದುಹೋಗಿರುತ್ತದೆ. ಆ ಪುಡಿಯನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟು) ಮೆತ್ತಿದವರ ದುರಸ್ತಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಇಲ್ಲಿ ಹೇಳುವುದು 12ರಿಂದ 16 ಅಡಿ ಉದ್ದದ, 1.5ರಿಂದ 2.5 ಮಿ.ಮೀ. ದಪ್ಪದ ತಗಡಿನ ದೋಣಿಗಳಿಗೆ. ಇವುಗಳಲ್ಲಿ ಬಹುಪಾಲು 5052 ಎಂಬ ದರ್ಜೆ ಸಂಖ್ಯೆಯ ಅಲ್ಯೂಮಿನಿಯಂ ಮಿಶ್ರಲೋಹದ ತಗಡು, ರಿವಿಟ್ ಹೊಡೆದು ಕಟ್ಟಿದ್ದು. ವೆಲ್ಡಿಂಗ್ ಮಾಡಿ ಕಟ್ಟಿದ ದೊಡ್ಡ ದೋಣಿಗಳಲ್ಲಿ 5083 ಅಥವಾ 5086 ಇರುತ್ತದೆ.

ಮೊದಲು ಕಾರಣ, ಆಮೇಲೆ ಗುಳಿ

ಕಿಲುಬು ಎಲ್ಲಿ ಬಂದಿದೆ ಎಂಬುದೇ ಯಾಕೆ ಬಂದಿದೆ ಎಂದು ಹೇಳಿಬಿಡುತ್ತದೆ. ದೋಣಿಯ ಒಳಗಡೆ, ರಬ್ಬರ್ ಮ್ಯಾಟ್, ಕಾರ್ಪೆಟ್, ಫೋಮ್ ಅಥವಾ ಗಟ್ಟಿಯಾದ ಕೆಸರಿನ ಅಡಿಯಲ್ಲಿ ಬಂದಿದ್ದರೆ ಅದು ಒದ್ದೆ ಬಟ್ಟೆ ಕಟ್ಟಿದ ಗಾಯದ ಹಾಗೆ. ನೀರಿದೆ, ಉಪ್ಪಿದೆ, ಗಾಳಿಯಿಲ್ಲ. ಹರಿದ ಕವಚ ಮತ್ತೆ ಕಟ್ಟಿಕೊಳ್ಳಲು ದಾರಿಯೇ ಇಲ್ಲ. ಹೊರಗೆ ಹೊಳೆಯುವ ದೋಣಿ ಒಳಗಿನಿಂದ ತೂತಾಗುವುದು ಹೆಚ್ಚಾಗಿ ಹೀಗೆ.

ಸ್ಟೀಲ್ ಬೋಲ್ಟಿನ ಸುತ್ತ ಬಳೆಯ ಹಾಗೆ ತಿಂದಿದ್ದರೆ ಅದು ಎರಡು ಲೋಹಗಳ ಜಗಳ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆ ಅಥವಾ ತಾಮ್ರ ತಾಗಿಕೊಂಡಿದ್ದರೆ ಕರಗುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ನೀರು ಬಿಡುವ ಬಿರಡೆ ಹಿತ್ತಾಳೆಯದಾಗಿದ್ದರೆ ಅದರ ಸುತ್ತಲೇ ಮೊದಲು ನೋಡಿ. ನೈಲಾನ್ ಬಿರಡೆಗೆ ಬದಲಾಯಿಸುವುದು ಅಗ್ಗದ ಕೆಲಸ. ಅಡಿಯಲ್ಲಿ ಬಿದ್ದ ಈಯದ ಗುಂಡು, ತಾಮ್ರದ ತಂತಿಯ ತುಂಡು, ಗಾಳದ ಕೊಕ್ಕೆ ಕೂಡ ಇದೇ ಕೆಲಸ ಮಾಡುತ್ತವೆ. ಐದು ರೂಪಾಯಿಯ ಹಳದಿ ನಾಣ್ಯದಲ್ಲಿ ಹೆಚ್ಚಿನ ಪಾಲು ತಾಮ್ರ. ಅದು ಹಲಗೆಯ ಸಂದಿಯಲ್ಲಿ ಬಿದ್ದು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೂತರೆ ಅದರಡಿಯ ತಗಡು ತೂತಾದರೂ ಆಶ್ಚರ್ಯವಿಲ್ಲ.

ಇಂಜಿನ್ ಕೂರಿಸುವ ಹಿಂಬದಿಯಲ್ಲಿ, ಮರದ ಹಲಗೆ ತಾಗುವ ಜಾಗವೆಲ್ಲ ಬಿಳಿಚಿ ಪೊರೆ ಎದ್ದಿದ್ದರೆ ಅಪರಾಧಿ ಪ್ಲೈವುಡ್. ಗೆದ್ದಲು, ಶಿಲೀಂಧ್ರ ತಡೆಯಲು ಪ್ಲೈವುಡ್‌ಗೆ ತಾಮ್ರದ ಸಂಯುಕ್ತ ಉಣಿಸುವುದುಂಟು. ನಮ್ಮಲ್ಲಿ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೈನ್ ಪ್ಲೈ ತಂದವರು 'ಮರೈನ್' ಎಂಬ ಹೆಸರು ನೋಡಿ ನೆಮ್ಮದಿಯಾಗಿರುತ್ತಾರೆ. ಆದರೆ ಆ ದರ್ಜೆಯ ಪ್ಲೈಗೆ ರಕ್ಷಕ ರಾಸಾಯನಿಕ ಹಾಕಿಯೇ ಮಾರುವುದು. ಅದರಲ್ಲಿ ತಾಮ್ರವಿದೆಯೇ ಎಂದು ಕೇಳಿಯೇ ಕೊಳ್ಳಿ.

ನೀರಿನ ಮಟ್ಟದ ಕೆಳಗೆ, ಹೊರಮೈಯೆಲ್ಲ, ಕೆಲವೇ ವಾರಗಳಲ್ಲಿ ಗುಳಿ ಬಿದ್ದಿದ್ದರೆ ಬ್ಯಾಟರಿಯ ಕರೆಂಟ್ ದೋಣಿಯ ಮೈಗೆ ಸೋರುತ್ತಿದೆ ಎಂದು ಅನುಮಾನಿಸಿ. ಪರೀಕ್ಷೆ ಸುಲಭ. ದೋಣಿಯನ್ನು ದಡಕ್ಕೆ ತೆಗೆದು ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿ. ಇಂಜಿನ್ನಿಗೆ ಹೋಗುವ ಕೇಬಲ್ಲನ್ನೂ ಬಿಚ್ಚಬೇಕು, ಯಾಕೆಂದರೆ ಔಟ್‌ಬೋರ್ಡ್ ಇಂಜಿನ್ನಿನ ಮೈ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುತ್ತದೆ, ಅದರ ಹಿಡಿಕೆ ದೋಣಿಯನ್ನು ಕಚ್ಚಿರುತ್ತದೆ. ಈಗ ಪಂಪು, ದೀಪ ಎಲ್ಲದರ ಸ್ವಿಚ್ ಆನ್ ಮಾಡಿ, ಬಿಚ್ಚಿದ ಪಾಸಿಟಿವ್ ಕೇಬಲ್ಲಿಗೂ ದೋಣಿಯ ಬರಿ ಲೋಹಕ್ಕೂ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಏನಾದರೂ ಅಂಕಿ ಬಂದರೆ ಒಂದೊಂದೇ ಉಪಕರಣದ ವೈರ್ ಬಿಚ್ಚುತ್ತಾ ಹೋಗಿ. ಹೆಚ್ಚಾಗಿ ಸಿಕ್ಕಿಬೀಳುವುದು ಅಡಿಯ ನೀರು ಎತ್ತುವ ಪಂಪಿನ, ನೀರಲ್ಲೇ ಮುಳುಗಿರುವ ವೈರ್ ಜೋಡಣೆ. ದೋಣಿಯ ಮೈಯನ್ನೇ ನೆಗೆಟಿವ್ ವೈರಾಗಿ ಬಳಸುವುದು ಕಾರಿನಲ್ಲಿ ನಡೆಯುತ್ತದೆ, ಅಲ್ಯೂಮಿನಿಯಂ ದೋಣಿಯಲ್ಲಿ ನಡೆಯದು. ಪ್ರತಿ ಉಪಕರಣಕ್ಕೂ ಎರಡು ವೈರ್ ಪ್ರತ್ಯೇಕವಾಗಿ ಹೋಗಬೇಕು.

ಬರಿದು ಮಾಡಿ, ನೀರು ತುಂಬಿ

ಇಂಜಿನ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ನೆಲಹಲಗೆ, ಮ್ಯಾಟ್ ಎಲ್ಲ ಹೊರಗೆ. ಸೀಟಿನ ಕೆಳಗಿನ ತೇಲುವ ಫೋಮ್ ಒದ್ದೆಯಾಗಿ ಭಾರವಾಗಿದ್ದರೆ ಅದನ್ನೂ ತೆಗೆಯಿರಿ. ಒಣಗಿಸಿ ಮತ್ತೆ ಹಾಕುತ್ತೇವೆ ಎಂಬ ಆಸೆ ಬೇಡ, ಒಳಗಿನ ನೀರು ಹೋಗುವುದೇ ಇಲ್ಲ. ಆದರೆ ದೋಣಿ ಮಗುಚಿದಾಗ ತೇಲಿಸುವುದು ಅದೇ, ಹಾಗಾಗಿ ಅಷ್ಟೇ ಗಾತ್ರದ ಹೊಸ ಫೋಮ್ ಹಾಕದೆ ನೀರಿಗಿಳಿಸಬಾರದು.

ಆಮೇಲೆ ದೋಣಿಯನ್ನು ಮರದ ಅಡ್ಡಪಟ್ಟಿಗಳ ಮೇಲೆ ಸಮನಾಗಿ ಕೂರಿಸಿ, ಒಳಗೆ 5 ಸೆಂ.ಮೀ. ನೀರು ತುಂಬಿ. 14 ಅಡಿಯ ದೋಣಿಗೆ ಇದು ಸುಮಾರು 200 ಲೀಟರ್, ಅಂದರೆ 200 ಕಿಲೋ. ಎರಡು ತುದಿಗೆ ಮಾತ್ರ ಆಧಾರ ಕೊಟ್ಟರೆ ಹೊಟ್ಟೆ ಜೋತುಬೀಳುತ್ತದೆ. ಕನಿಷ್ಠ ನಾಲ್ಕು ಕಡೆ ಆನಿಸಿ. ಹೊರಗಡೆ ಒಣಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಕಾಯಿರಿ. ಹನಿ ಕಂಡಲ್ಲೆಲ್ಲ ಮಾರ್ಕರಿನಲ್ಲಿ ಗುರುತು ಹಾಕಿ. ಪೆನ್ಸಿಲ್ ಬೇಡ: ಅದರ ಗ್ರಾಫೈಟ್ ಕೂಡ ಅಲ್ಯೂಮಿನಿಯಮ್ಮಿಗೆ ತಾಮ್ರದಷ್ಟೇ ಶತ್ರು, ಒದ್ದೆಯಾದರೆ ಗೀಟಿನ ಜಾಡಿನಲ್ಲೇ ಕಿಲುಬು ಶುರುವಾಗುತ್ತದೆ.

ಕೆರೆಯುವುದು, ಅಳೆಯುವುದು

ಬಣ್ಣವನ್ನು ಕಿಲುಬಿನ ಸುತ್ತ 5 ಸೆಂ.ಮೀ. ಹೆಚ್ಚಿಗೆ ತೆಗೆಯಿರಿ. ಊದಿಕೊಂಡ ಬಣ್ಣದ ಅಡಿಯಲ್ಲಿ ಕಿಲುಬು ಹರಡಿರುತ್ತದೆ. ಬಿಳಿ ಪುಡಿಗೆ ಸ್ಟೇನ್‌ಲೆಸ್ ತಂತಿಯ ಬ್ರಷ್ ಬೇಕು, ಅದೂ ಹೊಸದು. ಕಬ್ಬಿಣ ಉಜ್ಜಿದ ಬ್ರಷ್ಷನ್ನೋ ಮಾಮೂಲಿ ಕಬ್ಬಿಣದ ತಂತಿಯ ಬ್ರಷ್ಷನ್ನೋ ಬಳಸಿದರೆ ಕಣಗಳು ಮೆತ್ತನೆಯ ಅಲ್ಯೂಮಿನಿಯಮ್ಮಿನೊಳಗೆ ನಾಟಿ, ಒಂದೊಂದೂ ಹೊಸ ಗುಳಿಗೆ ಬೀಜವಾಗುತ್ತದೆ. ಗುಳಿಯ ತಳವನ್ನು ಚೂಪು ಮೊಳೆಯಲ್ಲಲ್ಲ, ಸಣ್ಣ ರೋಟರಿ ಬಿಟ್‌ನಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಅಂಚನ್ನು ತಟ್ಟೆಯ ಹಾಗೆ ಇಳಿಜಾರು ಮಾಡಿ. ಗ್ರೈಂಡರ್ ಬೇಕಾದಲ್ಲಿ ಫ್ಲಾಪ್ ಡಿಸ್ಕ್ (ಸ್ಯಾಂಡ್‌ಪೇಪರಿನ ಎಸಳು ಜೋಡಿಸಿದ ಡಿಸ್ಕ್) ಹಾಕಿ. ಮಾಮೂಲಿ ಕಲ್ಲಿನ ಡಿಸ್ಕಿನ ರಂಧ್ರಗಳಲ್ಲಿ ಅಲ್ಯೂಮಿನಿಯಂ ಕರಗಿ ತುಂಬಿಕೊಂಡು, ಬಿಸಿಯಾಗಿ ಡಿಸ್ಕೇ ಸಿಡಿಯಬಹುದು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕಬ್ಬಿಣ ಉಜ್ಜಿದ ಪುಡಿಯೂ ಅಲ್ಯೂಮಿನಿಯಂ ಪುಡಿಯೂ ಒಂದೇ ಕಡೆ ರಾಶಿ ಬೀಳದ ಹಾಗೆ ಗುಡಿಸಿ, ಆ ಮಿಶ್ರಣಕ್ಕೆ ಕಿಡಿ ಬಿದ್ದರೆ ಭಯಂಕರವಾಗಿ ಉರಿಯುತ್ತದೆ.

ಗುಳಿಯೊಳಗಿನ ಉಪ್ಪು ಹೋಗಬೇಕು. ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಫಾಸ್ಫಾರಿಕ್ ಆಮ್ಲದ ಅಲ್ಯೂಮಿನಿಯಂ ಕ್ಲೀನರನ್ನು ಕೈಗವಸು ಹಾಕಿಕೊಂಡು ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು, ಒಣಗಲು ಬಿಡದೆ ಮತ್ತೆ ಚೆನ್ನಾಗಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ, ತೆಗೆಯಬೇಕಾದ ಕ್ಲೋರೈಡನ್ನೇ ತಂದು ಸುರಿಯುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ನೊರೆ ಬರಿಸಿ ತಿನ್ನುತ್ತದೆ. ಹಿತ್ತಾಳೆ ಬಿಂದಿಗೆಗೆ ಹಾಕುವ ಹಾಗೆ ಹುಣಸೆಹಣ್ಣು-ಉಪ್ಪು ಹಾಕಿ ಉಜ್ಜುವುದೂ ಬೇಡ.

ಈಗ ಆಳ ಅಳೆಯಿರಿ. ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿ ಸಾಕು. ತಗಡಿನ ಮೂಲ ದಪ್ಪವನ್ನು ಮೇಲಂಚಿನಲ್ಲೋ ಬಿರಡೆಯ ತೂತಿನಲ್ಲೋ ನೋಡಿ. ನಮ್ಮ ಲೆಕ್ಕಾಚಾರ ಹೀಗೆ: ಗುಳಿಯ ಆಳ ದಪ್ಪದ ಕಾಲುಭಾಗದೊಳಗಿದ್ದರೆ ಎಪಾಕ್ಸಿ ತುಂಬಿದರೆ ಸಾಕು. ಅರ್ಧದವರೆಗೂ ಇಳಿದು, ಅಂಥ ಗುಳಿಗಳು ಒಂದು ಅಂಗೈ ಜಾಗದಲ್ಲಿ ಗುಂಪಾಗಿದ್ದರೆ ತೇಪೆ. ಅರ್ಧ ದಾಟಿದ್ದರೆ ಅಥವಾ ತೂತಾಗಿದ್ದರೆ ಕೆಟ್ಟ ಲೋಹ ಕತ್ತರಿಸಿ ತೆಗೆದು ತೇಪೆ. ಗುಳಿ ಪಕ್ಕೆಲುಬಿನ ಪಟ್ಟಿಯ ಪಕ್ಕದಲ್ಲೋ ಹಿಂಬದಿಯ ಮೂಲೆಯಲ್ಲೋ ಇದ್ದರೆ ಇನ್ನೂ ಕಟ್ಟುನಿಟ್ಟಾಗಿ ನಿರ್ಧರಿಸಿ, ಹೊರೆ ಬೀಳುವುದು ಅಲ್ಲೇ. ಎಪಾಕ್ಸಿ ನೀರು ತಡೆಯುತ್ತದೆಯೇ ಹೊರತು ಕಳೆದುಹೋದ ತಗಡಿನ ಬಲವನ್ನು ಮರಳಿಸುವುದಿಲ್ಲ.

ಎಪಾಕ್ಸಿ ತುಂಬುವುದು

ಇಲ್ಲಿ ಸೋಲುವವರೆಲ್ಲ ಸೋಲುವುದು ಸಮಯದಲ್ಲಿ. ಉಜ್ಜಿದ ಲೋಹದ ಮೇಲೆ ಆಕ್ಸೈಡ್ ತಕ್ಷಣವೇ ಬೆಳೆಯತೊಡಗುತ್ತದೆ, ಮರುದಿನ ಹಚ್ಚಿದ ಎಪಾಕ್ಸಿ ಹಿಡಿಯುವುದು ಆ ಪೊರೆಯನ್ನು, ಲೋಹವನ್ನಲ್ಲ. ಆದ್ದರಿಂದ ಎಲ್ಲ ಸಿದ್ಧ ಮಾಡಿಟ್ಟುಕೊಂಡು ಶುರುಮಾಡಿ. ಅಸಿಟೋನಿನಲ್ಲಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಬದಲಾಯಿಸುತ್ತಿರಿ. 80 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಗೀಚಿ, ಪುನಃ ಅಸಿಟೋನ್. ಹಾರ್ಡನರ್ ಕಲಸಿದ ಎಪಾಕ್ಸಿ ರೆಸಿನ್ನನ್ನು, ದಪ್ಪವಾಗಿಸುವ ಪುಡಿ ಬೆರೆಸದೆ, ತೆಳ್ಳಗೆ ಹಚ್ಚಿ, ಅದು ಹಸಿಯಾಗಿರುವಾಗಲೇ ಅದರೊಳಗೇ ಸ್ಟೇನ್‌ಲೆಸ್ ಬ್ರಷ್ಷಿನಿಂದ ಲೋಹವನ್ನು ಉಜ್ಜಿ. ಉಜ್ಜಿ ತೆರೆದ ಲೋಹ ಗಾಳಿಯನ್ನೇ ಕಾಣದೆ ನೇರವಾಗಿ ರೆಸಿನ್ನಿಗೆ ಸಿಗುತ್ತದೆ. ಇಡೀ ವಿಧಾನದ ಗುಟ್ಟು ಇದೊಂದೇ.

ಆ ಪದರ ಅಂಟಂಟಾಗಿರುವಾಗಲೇ ದಪ್ಪನೆಯ ಎಪಾಕ್ಸಿ ಪುಟ್ಟಿ ಒತ್ತಿ ತುಂಬಿ. ಚಾಕುವನ್ನು ಒಂದೇ ದಿಕ್ಕಿಗೆ ಎಳೆದರೆ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಅಂಗೈ ಅಗಲದ, 1 ಮಿ.ಮೀ. ಸರಾಸರಿ ಆಳದ ಜಾಗಕ್ಕೆ 10ರಿಂದ 15 ಮಿ.ಲೀ. ಸಾಕು, ವ್ಯರ್ಥವಾಗುವುದೂ ಸೇರಿ 25 ಮಿ.ಲೀ. ಕಲಸಿ. ಕರಾವಳಿಯ ಏಪ್ರಿಲ್ ಬಿಸಿಲಿನಲ್ಲಿ ದೊಡ್ಡ ಡಬ್ಬಿಯಲ್ಲಿ ಒಟ್ಟಿಗೆ ಕಲಸಿದರೆ ಕೈಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ನೆರಳಲ್ಲಿ, ಚಪ್ಪಟೆ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪ. ಅಳತೆ ತಯಾರಕರು ಹೇಳಿದ್ದೇ. ಬೇಗ ಒಣಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಎಂದೂ ಪೂರ್ತಿ ಗಟ್ಟಿಯಾಗದ ಮೆತ್ತನೆಯ ಪದಾರ್ಥ ಸಿಗುತ್ತದೆ. ಮಳೆ ಶುರುವಾದ ಮೇಲೆ ತೆರೆದ ಜಾಗದಲ್ಲಿ ಈ ಕೆಲಸ ಬೇಡ. ತೇವಕ್ಕೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕೂರುತ್ತದೆ. ಕೂತರೆ ಬಣ್ಣಕ್ಕೆ ಮುಂಚೆ ಬರಿ ನೀರು ಮತ್ತು ಸ್ಕ್ರಬ್ಬರಿನಲ್ಲಿ ತೊಳೆದು ತೆಗೆಯಬೇಕು, ಥಿನ್ನರಿಗೆ ಅದು ಬಗ್ಗುವುದಿಲ್ಲ. 24 ಗಂಟೆಯ ನಂತರ ಉಜ್ಜಿ ಸಮಮಾಡಿ. ನೀರಿಗಿಳಿಸಲು ಒಂದು ವಾರ ಕೊಡಿ.

ರಿವಿಟ್ ತೇಪೆ

40 ಮಿ.ಮೀ. ತೂತನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಗಡು 2 ಮಿ.ಮೀ.

1. ಕೆಟ್ಟ ಲೋಹವನ್ನೆಲ್ಲ ಕತ್ತರಿಸಿ, ತೂತನ್ನು ದುಂಡಗೋ ಮೂಲೆ ಸುತ್ತಿದ ಚೌಕವಾಗಿಯೋ ಮಾಡಿ. ಚೂಪು ಮೂಲೆಯಿಂದಲೇ ಮುಂದೆ ಬಿರುಕು ಹೊರಡುವುದು. ಈಗಾಗಲೇ ಬಿರುಕಿದ್ದರೆ ಕಣ್ಣಿಗೆ ಕಾಣುವ ತುದಿಯಿಂದ ಸ್ವಲ್ಪ ಆಚೆ 3 ಮಿ.ಮೀ. ರಂಧ್ರ ಕೊರೆದು ನಿಲ್ಲಿಸಿ.

2. ಅದೇ 5052, ಅದೇ 2 ಮಿ.ಮೀ. ತಗಡಿನಲ್ಲಿ 140 × 140 ಮಿ.ಮೀ. ತೇಪೆ ಕತ್ತರಿಸಿ. ತೂತಿನ ಸುತ್ತ 50 ಮಿ.ಮೀ. ಒಳ್ಳೆಯ ಲೋಹದ ಮೇಲೆ ಕೂರುತ್ತದೆ. ಮೂಲೆಗಳಿಗೆ 25 ಮಿ.ಮೀ. ತ್ರಿಜ್ಯ ಕೊಟ್ಟು ಅಂಚನ್ನು ಅರದಲ್ಲಿ ಮೊಂಡು ಮಾಡಿ. ಅಂಗಡಿಯಲ್ಲಿ 'ಅಲ್ಯೂಮಿನಿಯಂ ಶೀಟ್' ಎಂದಷ್ಟೇ ಕೇಳಿದರೆ ಹೆಚ್ಚಾಗಿ ಪಾತ್ರೆ ಮಾಡುವ ಮೆತ್ತನೆಯ ಶುದ್ಧ ತಗಡು ಕೊಡುತ್ತಾರೆ. ನಂಬರ್ ಹೇಳಿ ತನ್ನಿ.

3. ತೇಪೆ ಹೊರಗಡೆಯಿಂದಲೇ ಇರಲಿ. ನೀರಿನ ಒತ್ತಡ ಅದನ್ನು ದೋಣಿಗೆ ಅವುಚುತ್ತದೆ. ಒಳಗೆ ಹಾಕಿದರೆ ಅದೇ ಒತ್ತಡ ಎಬ್ಬಿಸಲು ನೋಡುತ್ತದೆ. ದೋಣಿಯ ಬಾಗಿಗೆ ತಕ್ಕ ಹಾಗೆ ಮರದ ಸುತ್ತಿಗೆಯಲ್ಲಿ ಮೊದಲೇ ಬಾಗಿಸಿಕೊಳ್ಳಿ. ರಿವಿಟ್ಟಿನಿಂದ ಎಳೆದು ಬಾಗಿಸಬಾರದು.

4. ಅಂಚಿನಿಂದ 12 ಮಿ.ಮೀ. ಒಳಗೆ, 25 ಮಿ.ಮೀ.ಗೊಂದರಂತೆ ರಂಧ್ರ ಗುರುತಿಸಿ. ಸುತ್ತಲೂ 18ರಿಂದ 20 ರಿವಿಟ್ ಬರುತ್ತವೆ. 4.8 ಮಿ.ಮೀ. ರಿವಿಟ್ಟಿಗೆ 4.9 ಮಿ.ಮೀ. ರಂಧ್ರ. ನಾಲ್ಕು ಮೂಲೆ ಮೊದಲು ಕೊರೆದು ಬೋಲ್ಟ್ ಹಾಕಿ ಬಿಗಿದು ಉಳಿದವನ್ನು ಕೊರೆಯಿರಿ, ಇಲ್ಲದಿದ್ದರೆ ಕೊನೆಯ ರಂಧ್ರಗಳು ಒಂದಕ್ಕೊಂದು ಕೂಡುವುದಿಲ್ಲ. ಎಲ್ಲ ಕೊರೆದ ಮೇಲೆ ತೇಪೆ ಬಿಚ್ಚಿ ರಂಧ್ರಗಳ ಮುಳ್ಳಂಚು ತೆಗೆಯಿರಿ.

5. ಎರಡೂ ಮೈಗೆ ಎಪಾಕ್ಸಿ ಪ್ರೈಮರ್. ಒಣಗಿದ ಮೇಲೆ ಮರೈನ್ ಪಾಲಿಯುರೆಥೇನ್ ಸೀಲಂಟನ್ನು ತೇಪೆಯ ಪೂರ್ತಿ ಮೈಗೆ 1 ಮಿ.ಮೀ. ದಪ್ಪ ಹಚ್ಚಿ. ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹ ತಿನ್ನುತ್ತದೆ.

6. ರಿವಿಟ್ ತುದಿ ಮುಚ್ಚಿದ್ದೇ ಆಗಬೇಕು, ಮೈಯೂ ನಡುವಿನ ಕಡ್ಡಿಯೂ ಅಲ್ಯೂಮಿನಿಯಂ ಆಗಿರಬೇಕು. ಬಾಗಿಲು ಕಿಟಕಿಗೆ ಹೊಡೆಯುವ ಸಾಮಾನ್ಯ ಪಾಪ್ ರಿವಿಟ್ಟಿನ ನಡುವೆ ತೂತಿದೆ, ಒಳಗೆ ಮುರಿದು ಉಳಿಯುವ ಕಡ್ಡಿ ಕಬ್ಬಿಣದ್ದು. ಅದು ಸೋರುತ್ತದೆ, ತುಕ್ಕೂ ಹಿಡಿಯುತ್ತದೆ. ಎರಡು ತಗಡು, ಸೀಲಂಟ್ ಸೇರಿ 4.5 ಮಿ.ಮೀ. ದಪ್ಪ, ಡಬ್ಬಿಯ ಮೇಲೆ ಬರೆದ ಹಿಡಿತದ ವ್ಯಾಪ್ತಿಯೊಳಗೆ ಇದು ಬರಬೇಕು. ಮಧ್ಯದಿಂದ ಮೂಲೆಗೆ, ಎದುರು-ಬದುರಾಗಿ ಹೊಡೆಯುತ್ತಾ ಹೋಗಿ. ಪ್ರತಿ ರಿವಿಟ್ಟನ್ನೂ ಸೀಲಂಟಿನಲ್ಲಿ ಅದ್ದಿ ಹಾಕಿ. ಅಂಚಿನ ಸುತ್ತಲೂ ಸೀಲಂಟ್ ಹೊರಗೆ ಉಬ್ಬಿ ಬರಬೇಕು. ಬರದ ಕಡೆ ಒಳಗೆ ಟೊಳ್ಳಿದೆ ಎಂದೇ ಲೆಕ್ಕ.

ತೂತಿಲ್ಲದೆ ಬರೀ ಹಳೆಯ ರಿವಿಟ್ ಸಡಿಲಾಗಿ ಸೋರುತ್ತಿದ್ದರೆ ತೇಪೆ ಬೇಕಿಲ್ಲ. ಹೊರಗೆ ಭಾರದ ಕಬ್ಬಿಣದ ದಿಮ್ಮಿ ಆನಿಸಿ ಹಿಡಿದು, ಒಳಗಿನಿಂದ ಸುತ್ತಿಗೆಯಲ್ಲಿ ಎರಡು ಮೂರು ಪೆಟ್ಟು ಕೊಟ್ಟು ಬಿಗಿಮಾಡಿ. ಬಿಗಿಯಾಗದ್ದನ್ನು ಕೊರೆದು ತೆಗೆದು ಒಂದು ಸೈಜ್ ದೊಡ್ಡದು ಹಾಕಿ.

ವೆಲ್ಡಿಂಗ್ ಯಾವಾಗ

ರಿವಿಟ್ಟಿನಲ್ಲಿ ಕಟ್ಟಿದ 1.5 ಮಿ.ಮೀ. ಹಳೆಯ ತಗಡನ್ನು ಗೇಟು-ಗ್ರಿಲ್ ಮಾಡುವ ವರ್ಕ್‌ಶಾಪಿಗೆ ಒಯ್ಯಬೇಡಿ. 5052 ತಗಡಿನ ಬಿಗಿ ಬಂದಿರುವುದು ಕಾರ್ಖಾನೆಯಲ್ಲಿ ತಣ್ಣಗೆ ಉರುಳಿಸಿದ್ದರಿಂದ. ಕಾಯಿಸಿದರೆ ವೆಲ್ಡಿನ ಪಕ್ಕದ ಪಟ್ಟಿ ಮೆತ್ತಗಾಗುತ್ತದೆ, ಅಕ್ಕಪಕ್ಕದ ರಿವಿಟ್ಟುಗಳ ಸೀಲಂಟ್ ಸುಟ್ಟು ಹೊಸ ಸೋರಿಕೆ ಶುರು. 2.5 ಮಿ.ಮೀ.ಗಿಂತ ದಪ್ಪದ, ಮೊದಲೇ ವೆಲ್ಡ್ ಮಾಡಿ ಕಟ್ಟಿದ ದೋಣಿಗೆ ಮಾತ್ರ ಇದು ಸರಿಯಾದ ದಾರಿ.

ಕೆಲಸಗಾರನಿಗೆ ಕೇಳಬೇಕಾದ್ದು ಇಷ್ಟು: ಎಸಿ ಟಿಗ್ ಯಂತ್ರವೇ (ಟಂಗ್‌ಸ್ಟನ್ ಮೊನೆಯಿಂದ, ಗ್ಯಾಸಿನ ಹೊದಿಕೆಯಲ್ಲಿ ಬೆಸೆಯುವಂಥದ್ದು)? ಶುದ್ಧ ಆರ್ಗಾನ್ ಗ್ಯಾಸೇ? ಕರಗಿಸಿ ತುಂಬುವ ಕಡ್ಡಿ ಯಾವುದು? 5052ಕ್ಕೆ 5356, 5083ಕ್ಕೆ 5183 ಅಥವಾ 5356. ಎಲ್ಲರ ಬಳಿಯೂ ಇರುವ 4043 ಕಡ್ಡಿ 5083, 5086ರಂಥ ಮೆಗ್ನೀಸಿಯಂ ಹೆಚ್ಚಿರುವ ತಗಡಿನಲ್ಲಿ ಪೆಡಸಾದ ಬೆಸುಗೆ ಕೊಡುತ್ತದೆ. ಕರೆಂಟ್ ಅಂದಾಜಿಗೆ 1 ಮಿ.ಮೀ.ಗೆ 40 ಆಂಪ್, 3 ಮಿ.ಮೀ. ತಗಡಿಗೆ 120ರ ಆಸುಪಾಸು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಮೇಲಿನ ಆಕ್ಸೈಡ್ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಪದರ ಉಜ್ಜಿ ತೆಗೆಯದೆ ಜ್ವಾಲೆ ಹಿಡಿದರೆ ಒಳಗಿನ ಲೋಹ ಕರಗಿ ಬೀಳುತ್ತದೆ, ಮೇಲಿನ ಪೊರೆ ಹಾಗೇ ನಿಂತಿರುತ್ತದೆ. ಬೆಸುಗೆಯಲ್ಲಿ ಜೇನುಗೂಡಿನ ಹಾಗೆ ರಂಧ್ರಗಳು ಕಂಡರೆ ತೇವ, ಎಣ್ಣೆ ಅಥವಾ ಗುಳಿಯಲ್ಲಿ ಉಳಿದ ಕಿಲುಬು ಕಾರಣ. ಅದರ ಮೇಲೆಯೇ ಇನ್ನೊಂದು ಸುತ್ತು ಬೆಸುಗೆ ಹಾಕಿ ಮುಚ್ಚುವುದು ಮೋಸ, ಕೆರೆದು ತೆಗೆದು ಮತ್ತೆ ಹಾಕಬೇಕು. ಪೆಟ್ರೋಲ್ ಟ್ಯಾಂಕ್, ಫೋಮ್, ವೈರ್ ಎಲ್ಲ ದೋಣಿಯಿಂದ ಹೊರಗಿರುವುದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಿ.

ಹಿಂಬದಿಯ ಹಲಗೆ ಕೂರಿಸುವಾಗ

ಹೊಸ ಪ್ಲೈನ ಆರೂ ಮುಖಕ್ಕೆ, ಬೋಲ್ಟ್ ತೂತಿನ ಒಳಗೋಡೆಗೂ, ಮೂರು ಸುತ್ತು ಎಪಾಕ್ಸಿ. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆದರೆ ನೀರು ಮರಕ್ಕೆ ಇಳಿಯುವ ದಾರಿಯೇ ಮುಚ್ಚಿತು. ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ಬುಶ್, ನೈಲಾನ್ ವಾಷರ್. ಸಾಧ್ಯವಾಗದಲ್ಲಿ ಲೋಹಗಳನ್ನು ಬೇರ್ಪಡಿಸುವ ಮರೈನ್ ಪೇಸ್ಟ್.

ಬಣ್ಣ

ಬರಿ ಲೋಹಕ್ಕೆ ಎಚ್ ಪ್ರೈಮರ್ (ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್) ಅಥವಾ ಅಲ್ಯೂಮಿನಿಯಮ್ಮಿಗೆಂದೇ ಇರುವ ಎಪಾಕ್ಸಿ ಪ್ರೈಮರ್, ಉಜ್ಜಿದ ದಿನವೇ. ಮೇಲೆ ಎರಡು ಸುತ್ತು ಎಪಾಕ್ಸಿ, ಬಿಸಿಲಿಗೆ ತಾಳಲು ಪಾಲಿಯುರೆಥೇನ್ ಮೇಲ್ಪದರ. ಪಾಚಿ-ಬಾರ್ನಕಲ್ (ಅಂಟಿ ಬೆಳೆಯುವ ಚಿಪ್ಪುಜೀವಿ) ತಡೆಯುವ ಬಣ್ಣ ಬೇಕಾದರೆ ಡಬ್ಬಿಯ ಮೇಲೆ ಕ್ಯೂಪ್ರಸ್ ಆಕ್ಸೈಡ್ ಎಂದಿಲ್ಲದ್ದನ್ನೇ ತನ್ನಿ. ಫೈಬರ್ ದೋಣಿಗೆ ಬಳಸುವ ತಾಮ್ರದ ಬಣ್ಣ ಅಲ್ಯೂಮಿನಿಯಮ್ಮಿಗೆ ಹಚ್ಚಿದರೆ, ಒಂದು ಗೀರು ಬಿದ್ದ ದಿನದಿಂದಲೇ ಆ ಗೀರಿನಲ್ಲಿ ದೋಣಿ ಕರಗತೊಡಗುತ್ತದೆ.

ಆನೋಡ್

ದೋಣಿಯ ಬದಲು ತಾನು ಕರಗುವ ಲೋಹದ ಗಟ್ಟಿ ಇದು. ಸಮುದ್ರಕ್ಕೆ ಜಿಂಕ್ ನಡೆಯುತ್ತದೆ. ಸಿಹಿನೀರಿನಲ್ಲಿ ಜಿಂಕಿನ ಮೇಲೆ ಗಟ್ಟಿ ಹೊದಿಕೆ ಕಟ್ಟಿ ಕೆಲಸವೇ ನಿಲ್ಲುತ್ತದೆ. ಕಾಳಿ, ಶರಾವತಿ, ನೇತ್ರಾವತಿಯ ಅಳಿವೆಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಒಳಗೇರುತ್ತದೆ, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಅದನ್ನು ಹೊರದಬ್ಬುತ್ತದೆ. ಅಂಥ ಕಡೆ ಇಂಡಿಯಂ ಎಂಬ ಲೋಹ ಬೆರೆಸಿದ ಅಲ್ಯೂಮಿನಿಯಂ ಆನೋಡೇ ಸೂಕ್ತ. ಕಬಿನಿ ಹಿನ್ನೀರಿನಂಥ ಸದಾ ಸಿಹಿನೀರಿಗೆ ಮೆಗ್ನೀಸಿಯಂ. ಆದರೆ ಮೆಗ್ನೀಸಿಯಂ ಹಾಕಿದ ದೋಣಿಯನ್ನು ಉಪ್ಪುನೀರಿಗೆ ಒಯ್ಯಬೇಡಿ. ರಕ್ಷಣೆ ಮಿತಿಮೀರಿ, ಲೋಹದ ಮೈ ಕ್ಷಾರೀಯವಾಗಿ, ಬಣ್ಣ ಗುಳ್ಳೆ ಎದ್ದು ಅಲ್ಯೂಮಿನಿಯಮ್ಮೇ ತಿಂದುಹೋಗುತ್ತದೆ.

ಆನೋಡ್ ಕೂರುವ ಜಾಗದಲ್ಲಿ ಬಣ್ಣ ಪೂರ್ತಿ ಕೆರೆಯಿರಿ, ಆನೋಡಿನ ಮೇಲೂ ಬಣ್ಣ ಬಳಿಯಬೇಡಿ. ಕೂರಿಸಿದ ಮೇಲೆ ಆನೋಡಿಗೂ ದೋಣಿಗೂ ನಡುವೆ ಮೀಟರಿನಲ್ಲಿ 1 ಓಮ್‌ಗಿಂತ ಕಡಿಮೆ ಬರಬೇಕು. ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ಅಳತೆಗೆಂದು ನೀರಿಗೆ ಇಳಿಬಿಡುವ ಕಡ್ಡಿ) ಸಿಕ್ಕರೆ, ದೋಣಿ ಉಪ್ಪುನೀರಿನಲ್ಲಿ ತೇಲುವಾಗಲೇ ಅದಕ್ಕೂ ದೋಣಿಯ ಮೈಗೂ ನಡುವಿನ ವೋಲ್ಟೇಜ್ ಅಳೆಯಿರಿ: ಮೈನಸ್ 900ರಿಂದ ಮೈನಸ್ 1,100 ಮಿಲಿವೋಲ್ಟ್ ಒಳ್ಳೆಯದು, ಮೈನಸ್ 1,200 ದಾಟಿದರೆ ಆನೋಡ್ ಹೆಚ್ಚಾಯಿತು. ಅರ್ಧ ಕರಗಿದ ಕೂಡಲೇ ಬದಲಾಯಿಸಿ. ವರ್ಷ ಕಳೆದರೂ ಹೊಸದರ ಹಾಗೇ ಇದ್ದರೆ ಖುಷಿಪಡಬೇಡಿ, ಅದು ಲೋಹಕ್ಕೆ ತಾಗಿಯೇ ಇಲ್ಲ.

ನೀರಿಗಿಳಿಸಿ ಒಂದು ತಿಂಗಳಾದ ಮೇಲೆ ದೋಣಿಯನ್ನು ದಡಕ್ಕೆ ತೆಗೆದು ತೇಪೆಯ ಅಂಚು, ತುಂಬಿದ ಗುಳಿಗಳ ಸುತ್ತ ಬೆರಳಾಡಿಸಿ. ಬಣ್ಣ ಎಲ್ಲಾದರೂ ಉಬ್ಬಿದ್ದರೆ ಚುಚ್ಚಿ ನೋಡಿ. ಒಳಗೆ ಬಿಳಿ ಪುಡಿಯಿದ್ದರೆ ಅಲ್ಲಿ ಉಪ್ಪು ಉಳಿದಿತ್ತು ಎಂದರ್ಥ. ಆ ಜಾಗವನ್ನಷ್ಟೇ ತೊಳೆಯುವ ಹಂತದಿಂದ ಮತ್ತೆ ಶುರುಮಾಡಿ. ಬಣ್ಣ ಗಟ್ಟಿಯಾಗಿದ್ದು ಆನೋಡಿನ ಮೈ ಒರಟಾಗಿ ಸವೆಯುತ್ತಿದ್ದರೆ ಮುಂದಿನ ತಪಾಸಣೆ ಮಳೆಗಾಲಕ್ಕೆ ಮುಂಚೆ ಸಾಕು.